ಚೆಂಡು ಮಧ್ಯಕ್ಕೆ ಬಂದರೆ ಯಾರು ಹೊಡೀಬೇಕು?

ನಿಮ್ಮ ಮಗು ಊರಿನಲ್ಲಿರುವ ಅಜ್ಜಿಯ ಜೊತೆ ಫೋನಿನಲ್ಲಿ ಎಷ್ಟು ಹೊತ್ತು ಮಾತಾಡುತ್ತದೆ? ಒಮ್ಮೆ ಗಡಿಯಾರ ನೋಡಿಕೊಂಡು ಲೆಕ್ಕ ಹಾಕಿ. ನಾನು ಹಾಕಿದ್ದೇನೆ. ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೆ ಕಂಡದ್ದನ್ನೆಲ್ಲ ಅಳೆಯುವ ಚಟ ಇರುತ್ತದೆ ನೋಡಿ. 2022ರ ಕೊನೆಯಲ್ಲಿ ನಮ್ಮ ಮನೆಯ ಲೆಕ್ಕ ಸುಮಾರು 40 ಸೆಕೆಂಡು.

"ಊಟ ಆಯ್ತಾ ಪುಟ್ಟಿ?" "ಹೂಂ." "ಏನು ಊಟ?" "ರೈಸ್." "ಸ್ಕೂಲು ಹೇಗಿದೆ?" "ಗುಡ್." "ಊರಿಗೆ ಯಾವಾಗ ಬರ್ತೀಯಾ?" ಅಷ್ಟರಲ್ಲಿ ಫೋನು ನನ್ನ ಕೈಗೆ ಬಂದಿರುತ್ತಿತ್ತು.

ನಾವಿರುವುದು ಬಹ್ರೈನಿನಲ್ಲಿ. ಮಗಳಿಗೆ ಆಗ ಎಂಟು ವರ್ಷ. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ನಿಮ್ಮಲ್ಲಿ ಎಷ್ಟೋ ಜನ ಇದೇ ಮಾತು ಹೇಳುವುದನ್ನು ಕೇಳಿದ್ದೇನೆ: "ಅರ್ಥ ಆಗುತ್ತೆ, ಮಾತಾಡಲ್ಲ." ನಾನೂ ಅಷ್ಟಕ್ಕೇ ಸಮಾಧಾನ ಮಾಡಿಕೊಂಡಿದ್ದೆ. ಒಂದು ದಿನ ತುಮಕೂರಿನಿಂದ ಅಮ್ಮ ಹೇಳಿದ ಮಾತು ನಿದ್ದೆ ಕೆಡಿಸಿತು. "ಅವಳ ಹತ್ರ ಮಾತಾಡೋಕೆ ನಂಗೆ ಒಂಥರಾ ಹೆದರಿಕೆ ಕಣೇ. ನಾನೇನೋ ಕೇಳಿ, ಅವಳು ಇಂಗ್ಲಿಷ್‌ನಲ್ಲಿ ಏನೋ ಹೇಳಿ, ನಂಗೆ ಗೊತ್ತಾಗ್ದೆ ಹೋದ್ರೆ ಮಗು ಏನಂದುಕೊಳ್ಳುತ್ತೆ?"

ಅಜ್ಜಿಗೆ ಮೊಮ್ಮಗಳನ್ನು ಕಂಡರೆ ಹೆದರಿಕೆ! ಆ ಹೆದರಿಕೆ ಹೋಗಿದ್ದು ಹೇಗೆ ಎಂದು ಹೇಳಲು ಈ ಲೇಖನ. ಅದನ್ನು ಹೋಗಲಾಡಿಸಿದ್ದು ಅಕ್ಷರಮಾಲೆಯ ಪುಸ್ತಕವಲ್ಲ, ನನ್ನ ಬೈಗುಳವೂ ಅಲ್ಲ. ದುಬೈನಲ್ಲಿ ನಡೆದ ಒಂದು ಮಹಿಳೆಯರ ಡಬಲ್ಸ್ ಟೆನಿಸ್ ಪಂದ್ಯ.

ಫೆಬ್ರವರಿ 21ರ ಪಂದ್ಯ

ಬಹ್ರೈನಿನಲ್ಲಿ ಗಂಡಸರ ಚಾಲೆಂಜರ್ ಟೂರ್ನಿ ನಡೆಯುತ್ತದೆ. ಆದರೆ ಮಹಿಳಾ ಟೆನಿಸ್‌ನ ದೊಡ್ಡ ತಾರೆಯರು ಬರುವುದು ಅಕ್ಕಪಕ್ಕದ ದೋಹಾ, ದುಬೈಗಳಿಗೆ. ಪ್ರತಿ ಫೆಬ್ರವರಿಯಲ್ಲೂ ಕೊಲ್ಲಿಯ ಈ ಭಾಗ ಟೆನಿಸ್ ಲೋಕದ ಸಂತೆಯಾಗುತ್ತದೆ. 2023ರ ಫೆಬ್ರವರಿಗೆ ಇನ್ನೊಂದು ವಿಶೇಷವಿತ್ತು. ಸಾನಿಯಾ ಮಿರ್ಜಾ ಆ ವರ್ಷದ ದುಬೈ ಟೂರ್ನಿಯೇ ತನ್ನ ಕೊನೆಯ ಟೂರ್ನಿ ಎಂದು ಜನವರಿಯಲ್ಲೇ ಹೇಳಿದ್ದರು.

ಅದಕ್ಕೂ ಮೊದಲು, ಜನವರಿ 27ರಂದು, ಮೆಲ್ಬರ್ನ್‌ನಲ್ಲಿ ಅವರ ಕೊನೆಯ ಗ್ರ್ಯಾನ್ ಸ್ಲಾಮ್ ಪಂದ್ಯ ನಡೆದಿತ್ತು. ಆಸ್ಟ್ರೇಲಿಯನ್ ಓಪನ್ ಮಿಶ್ರ ಡಬಲ್ಸ್ ಫೈನಲ್, ಜೊತೆಗಾರ ನಮ್ಮ ಕೊಡಗಿನ ರೋಹನ್ ಬೋಪಣ್ಣ. ಬ್ರೆಜಿಲ್‌ನ ಸ್ಟೆಫಾನಿ-ಮಾಟೋಸ್ ಜೋಡಿಗೆ ಅವರು ನೇರ ಸೆಟ್‌ಗಳಲ್ಲಿ ಸೋತರು. ಪಂದ್ಯದ ನಂತರ ಸಾನಿಯಾ ಕಣ್ಣೀರಾಗಿ, ತನಗೆ 14 ವರ್ಷವಾಗಿದ್ದಾಗ ಮಿಶ್ರ ಡಬಲ್ಸ್‌ನಲ್ಲಿ ಮೊದಲ ಜೊತೆಗಾರನಾಗಿದ್ದವನೂ ಇದೇ ರೋಹನ್ ಎಂದು ನೆನೆದರು. ನಾಲ್ಕು ವರ್ಷದ ಮಗನ ಎದುರು ಗ್ರ್ಯಾನ್ ಸ್ಲಾಮ್ ಫೈನಲ್ ಆಡಿದ ಸಂತೋಷವನ್ನೂ ಹೇಳಿಕೊಂಡರು. 2018ರಲ್ಲಿ ಮಗ ಹುಟ್ಟಿದ ಮೇಲೆ 2020ರ ಜನವರಿಯಲ್ಲಿ ಹೋಬರ್ಟ್‌ಗೆ ಮರಳಿ ಬಂದು, ಬಂದ ಮೊದಲ ಟೂರ್ನಿಯಲ್ಲೇ ಡಬಲ್ಸ್ ಪ್ರಶಸ್ತಿ ಗೆದ್ದವರು ಅವರು. ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ಪಿಎಚ್.ಡಿ. ಪ್ರಬಂಧ ಬರೆದ ನನಗೆ ಆ ಸುದ್ದಿ ಅಂದು ಎಷ್ಟು ಧೈರ್ಯ ಕೊಟ್ಟಿತ್ತು ಎಂದು ನಿಮಗೆ ಬೇರೆ ಹೇಳಬೇಕಿಲ್ಲ.

ನನಗೂ ಸಾನಿಯಾಗೂ ಇನ್ನೂ ಹಳೆಯ ನಂಟಿದೆ. ಅದು ಅವರಿಗೆ ಗೊತ್ತಿಲ್ಲ, ಅಷ್ಟೆ. 2006ರ ಫೆಬ್ರವರಿಯಲ್ಲಿ ನಾನು ಬೆಂಗಳೂರಿನಲ್ಲಿ ಎರಡನೇ ಪಿಯುಸಿ ಓದುತ್ತಿದ್ದೆ. ಪರೀಕ್ಷೆ ಹತ್ತಿರ ಬಂದಿತ್ತು. ಆದರೂ ಗೆಳತಿಯ ಜೊತೆ ಕಬ್ಬನ್ ಪಾರ್ಕಿನ ಕೆಎಸ್‌ಎಲ್‌ಟಿಎ ಅಂಕಣಕ್ಕೆ ಬೆಂಗಳೂರು ಓಪನ್ ನೋಡಲು ಹೋಗಿದ್ದೆ. ಆ ವರ್ಷ ಅಲ್ಲಿ ಮಹಿಳೆಯರ ಡಬಲ್ಸ್ ಗೆದ್ದದ್ದು ಸಾನಿಯಾ ಮತ್ತು ಲೀಜಲ್ ಹ್ಯೂಬರ್. ಫೈನಲ್‌ನಲ್ಲಿ ಅನಸ್ತಾಸಿಯಾ ರೊಡಿಯೊನೊವಾ-ಎಲೆನಾ ವೆಸ್ನಿನಾ ಜೋಡಿಯನ್ನು 6-3, 6-3ರಿಂದ ಸೋಲಿಸಿದರು. ನನ್ನ ಪಕ್ಕದಲ್ಲಿ ಕುಳಿತಿದ್ದ ಅಜ್ಜನೊಬ್ಬರು ಪ್ರತಿ ಅಂಕಕ್ಕೂ ಕನ್ನಡದಲ್ಲಿ ವಿವರಣೆ ಕೊಡುತ್ತಿದ್ದರು. ಟೆನಿಸ್ ನನಗೆ ಅರ್ಥವಾದದ್ದು ಅವರ ಕನ್ನಡದಿಂದಲೇ.

ಆ ವೆಸ್ನಿನಾ ಹೆಸರು ಮುಂದೆ ಎರಡು ಸಲ ಮತ್ತೆ ಸಿಕ್ಕಿತು. 2015ರ ವಿಂಬಲ್ಡನ್ ಫೈನಲ್‌ನಲ್ಲಿ ಮಕರೋವಾ-ವೆಸ್ನಿನಾ ವಿರುದ್ಧ ಸಾನಿಯಾ ಮತ್ತು ಮಾರ್ಟಿನಾ ಹಿಂಗಿಸ್ ಮೂರನೇ ಸೆಟ್‌ನಲ್ಲಿ 2-5ರಿಂದ ಹಿಂದಿದ್ದರು. ಅಲ್ಲಿಂದ ಎದ್ದು ಬಂದು 5-7, 7-6, 7-5ರಿಂದ ಗೆದ್ದರು. ಆಮೇಲೆ ಅದೇ ಜೋಡಿ ಯುಎಸ್ ಓಪನ್, ಆಸ್ಟ್ರೇಲಿಯನ್ ಓಪನ್ ಸೇರಿಸಿ ಸತತ 41 ಪಂದ್ಯ ಗೆದ್ದಿತು. ಆ ಓಟ ನಿಂತದ್ದು ನಮ್ಮ ಪಕ್ಕದ ದೋಹಾದಲ್ಲಿ, 2016ರ ಫೆಬ್ರವರಿಯಲ್ಲಿ. ನಿಲ್ಲಿಸಿದವರು ದಾರಿಯಾ ಕಸತ್ಕಿನಾ ಮತ್ತು, ಹೌದು, ಎಲೆನಾ ವೆಸ್ನಿನಾ.

ಇಷ್ಟೆಲ್ಲ ನೆನಪಿದ್ದವಳು ಕೊನೆಯ ಪಂದ್ಯ ಬಿಟ್ಟೇನೆ? ಆದರೆ 2023ರ ಫೆಬ್ರವರಿ 21 ಮಂಗಳವಾರ. ನನಗೆ ಕೆಲಸ, ಅವಳಿಗೆ ಶಾಲೆ. ಸಂಜೆ ಮನೆಗೆ ಬರುವ ಹೊತ್ತಿಗೆ ಫಲಿತಾಂಶ ತಿಳಿದಿತ್ತು. ಸಾನಿಯಾ ಮತ್ತು ಅಮೆರಿಕದ ಮ್ಯಾಡಿಸನ್ ಕೀಸ್ ಮೊದಲ ಸುತ್ತಿನಲ್ಲೇ ವೆರೋನಿಕಾ ಕುಡೆರ್ಮೆಟೊವಾ-ಲುಡ್ಮಿಲಾ ಸಾಮ್ಸೊನೊವಾ ಜೋಡಿಗೆ 4-6, 0-6ರಿಂದ ಸೋತಿದ್ದರು. ಮೂರು ಮಹಿಳಾ ಡಬಲ್ಸ್, ಮೂರು ಮಿಶ್ರ ಡಬಲ್ಸ್, ಒಟ್ಟು ಆರು ಗ್ರ್ಯಾನ್ ಸ್ಲಾಮ್ ಗೆದ್ದು, 91 ವಾರ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆಗಿದ್ದ ಆಟಗಾರ್ತಿಯ ಆಟ ಹೀಗೆ ಮುಗಿದಿತ್ತು.

ಫೆಬ್ರವರಿ 21 ಅಂದರೆ ಇನ್ನೊಂದು ದಿನವೂ ಹೌದು. 1952ರಲ್ಲಿ ಢಾಕಾದಲ್ಲಿ ಬಂಗಾಳಿ ಭಾಷೆಗಾಗಿ ಪ್ರಾಣ ಕೊಟ್ಟವರ ನೆನಪಿನ, ಯುನೆಸ್ಕೊ ಘೋಷಿಸಿದ ಅಂತಾರಾಷ್ಟ್ರೀಯ ಮಾತೃಭಾಷಾ ದಿನ. ಬೆಳಗ್ಗೆಯಿಂದ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಶುಭಾಶಯಗಳ ಮಳೆ. ನಾನೂ ಒಂದನ್ನು ಮುಂದೆ ಕಳಿಸಿ, ಮಗಳಿಗೆ ಇಂಗ್ಲಿಷಿನಲ್ಲಿ "ಬೇಗ ಶೂ ಹಾಕು" ಎಂದಿದ್ದೆ.

"45 ಬರ್ಬೇಕಲ್ವೇನೇ?"

ರಾತ್ರಿ ಏಳಕ್ಕೆ ನಾವಿಬ್ಬರೂ ಪಂದ್ಯದ ಮುಖ್ಯಾಂಶ ನೋಡಲು ಕುಳಿತೆವು. ಮಗಳು ಕೆಲವು ತಿಂಗಳಿಂದ ಟೆನಿಸ್ ಕಲಿಯುತ್ತಿದ್ದಳು. ಅಷ್ಟರಲ್ಲಿ ಅಮ್ಮನ ವಿಡಿಯೊ ಕಾಲ್ ಬಂತು. ಅಲ್ಲಿ ಒಂಬತ್ತೂವರೆ, ಊಟ ಮುಗಿಸಿ ಮಲಗುವ ಮುಂಚಿನ ಹೊತ್ತು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಫೋನನ್ನು ಟೀವಿಯ ಕಡೆ ತಿರುಗಿಸಿ ಮಗಳ ಕೈಗೆ ಕೊಟ್ಟು ನಾನು ಅಡುಗೆಮನೆಗೆ ಓಡಿದೆ. ಇದರಲ್ಲಿ ಯಾವ ಯೋಜನೆಯೂ ಇರಲಿಲ್ಲ.

ಅಡುಗೆಮನೆಯಿಂದ ನನಗೆ ಕೇಳಿಸಿದ್ದು ಇದು.

"ಅದೇನು ಪುಟ್ಟಿ, ನಾಲ್ಕು ಜನ ಆಡ್ತಿದಾರೆ?"

"ಡಬಲ್ಸ್ ಅಜ್ಜಿ. ಟೂ... ಇಬ್ರು ಈ ಕಡೆ, ಇಬ್ರು ಆ ಕಡೆ."

"15 ಅಂದ, 30 ಅಂದ, ಆಮೇಲೆ 45 ಬರ್ಬೇಕಲ್ವೇನೇ? 40 ಅಂತಾನಲ್ಲ!"

"ಅದು ಹಂಗೇ ಅಜ್ಜಿ. ನಂಗೂ ಗೊತ್ತಿಲ್ಲ."

"ಲವ್ ಅಂದ್ನಲ್ಲ?"

"ಲವ್ ಅಂದ್ರೆ ಸೊನ್ನೆ."

"ಅಯ್ಯೋ ಶಿವನೇ!" ಅಜ್ಜಿ ನಕ್ಕಿದ್ದು ಕೇಳಿ ಮಗಳೂ ನಕ್ಕಳು.

ಆಮೇಲೆ ಅಮ್ಮ ಒಂದು ಪ್ರಶ್ನೆ ಕೇಳಿದರು. ಟೆನಿಸ್ ಗೊತ್ತಿಲ್ಲದವರು ಮಾತ್ರ ಅಷ್ಟು ನೇರವಾಗಿ ಕೇಳಬಲ್ಲರು. "ಅಲ್ಲಾ, ಇಬ್ರೂ ಪಕ್ಕಪಕ್ಕ ನಿಂತಿದಾರೆ. ಚೆಂಡು ಸರಿಯಾಗಿ ಮಧ್ಯಕ್ಕೆ ಬಂದ್ರೆ ಯಾರು ಹೊಡೀಬೇಕು?"

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಪದ ಹುಡುಕುತ್ತಿದ್ದಳು. "ಮಾತಾಡ್ಕೋಬೇಕು ಅಜ್ಜಿ. ಮಾತಾಡ್ಲಿಲ್ಲ ಅಂದ್ರೆ ಇಬ್ರೂ ನೋಡ್ತಾ ಇರ್ತಾರೆ, ಚೆಂಡು ಹೋಗ್ಬಿಡತ್ತೆ."

ಆ ದಿನದ ಕರೆ 17 ನಿಮಿಷ. ನಾನು ಹಾಲಿನ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ.

ನಮ್ಮ ಮನೆಯ ಮಧ್ಯದ ಚೆಂಡು

ಮಗಳ ಉತ್ತರ ಡಬಲ್ಸ್‌ನ ಸಾರ. ಸಿಂಗಲ್ಸ್ ಅಂಕಣದ ಅಗಲ 8.23 ಮೀಟರ್, ಡಬಲ್ಸ್‌ಗೆ 10.97 ಮೀಟರ್. ಜಾಗ ಹೆಚ್ಚಿದ್ದು ಮೂರನೆಯ ಒಂದರಷ್ಟು, ಆಟಗಾರರು ಮಾತ್ರ ಎರಡರಷ್ಟು. ಹಾಗಾಗಿ ಓಡುವ ಕಷ್ಟ ಕಡಿಮೆ, ಹೊಂದಿಕೊಳ್ಳುವ ಕಷ್ಟ ಜಾಸ್ತಿ. ಅದಕ್ಕೇ ಒಳ್ಳೆಯ ಜೋಡಿಗಳು ಪ್ರತಿ ಅಂಕದ ನಡುವೆ ಹತ್ತಿರ ಬಂದು ಬಾಯಿಗೆ ಚೆಂಡು ಅಡ್ಡ ಹಿಡಿದು ಪಿಸುಗುಡುತ್ತಾರೆ. ನೆಟ್ ಬಳಿ ನಿಂತವಳು ಬೆನ್ನ ಹಿಂದೆ ಬೆರಳು ಮಡಿಸಿ ಸನ್ನೆ ಮಾಡುತ್ತಾಳೆ. ಸಾನಿಯಾ ಬಲಭಾಗದಲ್ಲಿ ನಿಂತು ಫೋರ್‌ಹ್ಯಾಂಡ್ ಬೀಸುತ್ತಿದ್ದರೆ, ಹಿಂಗಿಸ್ ಎಡಭಾಗವನ್ನೂ ನೆಟ್ಟನ್ನೂ ನೋಡಿಕೊಳ್ಳುತ್ತಿದ್ದರು. ಯಾರ ಕೆಲಸ ಯಾವುದು ಎಂಬುದು ಇಬ್ಬರಿಗೂ ಗೊತ್ತಿತ್ತು.

ನಮ್ಮ ಮನೆಯಲ್ಲಿ ಅದು ಗೊತ್ತಿರಲಿಲ್ಲ. ನನ್ನ ಗಂಡನ ಮನೆಮಾತು ತುಳು, ನನ್ನದು ಕನ್ನಡ. ನಾವಿಬ್ಬರು ಮಾತಾಡಿಕೊಳ್ಳುವುದು ಕನ್ನಡದಲ್ಲಿ. ಮಗಳು ಕೋಣೆಯೊಳಗೆ ಬಂದ ಕೂಡಲೇ ಇಬ್ಬರ ಬಾಯಲ್ಲೂ ಇಂಗ್ಲಿಷ್. "ಕನ್ನಡ ನಿನ್ನ ಮಾತು, ನೀನೇ ಕಲಿಸ್ತೀಯ ಅಂದ್ಕೊಂಡೆ" ಅಂತ ಇವರು. "ನೀವು ನನಗಿಂತ ಬೇಗ ಮನೆಗೆ ಬರ್ತೀರಿ, ಹೋಮ್‌ವರ್ಕ್ ಮಾಡಿಸೋದು ನೀವು, ನೀವೇ ಮಾತಾಡಿಸ್ತೀರಿ ಅಂದ್ಕೊಂಡೆ" ಅಂತ ನಾನು. ಎಂಟು ವರ್ಷ ಚೆಂಡು ನಮ್ಮಿಬ್ಬರ ಮಧ್ಯದಿಂದಲೇ ಹೋಗಿತ್ತು, ಇಬ್ಬರೂ ನೋಡುತ್ತ ನಿಂತಿದ್ದೆವು.

ಇದು ನಮ್ಮೊಬ್ಬರ ಕಥೆಯಲ್ಲ. ಭಾಷಾವಿಜ್ಞಾನಿ ಆನಿಕ್ ದ ಹೌವರ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಬೆಲ್ಜಿಯಂನ ಡಚ್ ಮಾತಾಡುವ ಭಾಗದಲ್ಲಿ, ಮನೆಯಲ್ಲಿ ಬೇರೊಂದು ಭಾಷೆಯೂ ಇರುವ ಸುಮಾರು 1,900 ಕುಟುಂಬಗಳನ್ನು ಅವರು ನೋಡಿದರು. ಮಕ್ಕಳಿಗೆಲ್ಲ ಡಚ್ ಬರುತ್ತಿತ್ತು. ಆದರೆ ಸುಮಾರು ಕಾಲುಭಾಗ ಮನೆಗಳಲ್ಲಿ ಮಕ್ಕಳು ಆ ಇನ್ನೊಂದು ಭಾಷೆಯನ್ನು ಆಡುತ್ತಲೇ ಇರಲಿಲ್ಲ. ತಂದೆ ತಾಯಿ ಇಬ್ಬರೂ ಮನೆಯ ಭಾಷೆಯನ್ನು ಬಳಸುವ, ಹೊರಗಿನ ಭಾಷೆಯನ್ನು ಹೆಚ್ಚೆಂದರೆ ಒಬ್ಬರು ಬಳಸುವ ಮನೆಗಳಲ್ಲಿ ಅದು ಉಳಿಯುವ ಸಾಧ್ಯತೆ ಜಾಸ್ತಿ ಕಂಡಿತು. "ಅಮ್ಮ ಒಂದು ಭಾಷೆ, ಅಪ್ಪ ಒಂದು ಭಾಷೆ" ಎಂದು ಹಂಚಿಕೊಂಡ ಮಾತ್ರಕ್ಕೆ ಗ್ಯಾರಂಟಿ ಏನೂ ಇರಲಿಲ್ಲ.

ಅಂದು ರಾತ್ರಿ ನಾವಿಬ್ಬರು ಕೂತು ಮಾತಾಡಿಕೊಂಡೆವು. ಊಟದ ಮೇಜಿನಲ್ಲಿ, ಕಾರಿನಲ್ಲಿ ಇಬ್ಬರೂ ಕನ್ನಡ. ಮಂಗಳೂರಿನ ಅಜ್ಜನ ಜೊತೆ, ಅಪ್ಪನ ಜೊತೆ ಒಂಟಿಯಾಗಿರುವಾಗ ತುಳು. ಶಾಲೆಯ ಪಾಠಕ್ಕೆ ಇಂಗ್ಲಿಷ್. ಆರು ವಾರ ನಮಗೇ ಕಷ್ಟವಾಯಿತು, ಅವಳಿಗಲ್ಲ.

ಬಲ್ಲವಳು ಅವಳೇ ಆದಾಗ

ನಾನು ವಿಜ್ಞಾನಿ, ಆದ್ದರಿಂದ ಒಂದು ಎಚ್ಚರಿಕೆ ಹೇಳಲೇಬೇಕು. ನಮಗಿರುವುದು ಒಂದೇ ಮಗು. ಒಂದು ಮಗುವಿನಿಂದ ಯಾವ ಸಿದ್ಧಾಂತವೂ ಸಾಬೀತಾಗುವುದಿಲ್ಲ. ಆದರೂ ಆ 17 ನಿಮಿಷಗಳನ್ನು ಮತ್ತೆ ಮತ್ತೆ ಯೋಚಿಸಿದಾಗ ನನಗೆ ತೋಚಿದ್ದು ಇಷ್ಟು.

ಅದುವರೆಗೆ ನಾವು ಅವಳಿಗೆ ಕೇಳುತ್ತಿದ್ದ ಕನ್ನಡದ ಪ್ರಶ್ನೆಗಳಿಗೆಲ್ಲ ಉತ್ತರ ನಮಗೆ ಮೊದಲೇ ಗೊತ್ತಿರುತ್ತಿತ್ತು. "ಇದು ಯಾವ ಬಣ್ಣ?" "ಅಜ್ಜಿಗೆ ನಮಸ್ಕಾರ ಹೇಳು." ಅದು ಮಾತಲ್ಲ, ಪರೀಕ್ಷೆ. ಪರೀಕ್ಷೆಯಲ್ಲಿ ತಪ್ಪಾದರೆ ನಾಚಿಕೆ. ಮೊದಲ ಸಲ ಅವಳಿಗೆ ಗೊತ್ತಿದ್ದ ವಿಷಯ ಅಜ್ಜಿಗೆ ಗೊತ್ತಿರಲಿಲ್ಲ, ಅಜ್ಜಿಗೆ ನಿಜವಾಗಿಯೂ ಬೇಕಿತ್ತು, ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮೂರೂ ಕೂಡಿದಾಗ ಕನ್ನಡ ತಾನಾಗಿ ಹೊರಬಂತು. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ ಎಂಬುದನ್ನು ಅಲ್ಲಿಯವರೆಗೆ ನಾನು ತೊಡಕು ಎಂದುಕೊಂಡಿದ್ದೆ.

ಆಮೇಲೆ ಅಮ್ಮನಿಗೂ ಹಟ ಹಿಡಿಯಿತು. ಆ ವಾರದ ಕೊನೆಯಲ್ಲಿ ಸಾನಿಯಾರನ್ನು ಸೋಲಿಸಿದ ಜೋಡಿಯೇ ದುಬೈ ಪ್ರಶಸ್ತಿ ಗೆದ್ದಿತು. "ಹಾಗಾದ್ರೆ ಸೋತಿದ್ದು ಸಣ್ಣವರಿಗಲ್ಲ ಬಿಡು" ಎಂದು ಅಮ್ಮ ತೀರ್ಪು ಕೊಟ್ಟರು. ಆ ಸಾಮ್ಸೊನೊವಾ ರಷ್ಯಾದಲ್ಲಿ ಹುಟ್ಟಿ, ಒಂದು ವರ್ಷದ ಕೂಸಾಗಿದ್ದಾಗಲೇ ಇಟಲಿಗೆ ಹೋಗಿ ಅಲ್ಲೇ ಬೆಳೆದವಳು, ಕೆಲವು ವರ್ಷ ಇಟಲಿಯ ಪರವಾಗಿಯೇ ಆಡಿದವಳು ಎಂದು ಮಗಳಿಗೆ ಹೇಳಿದೆ. ಹಿಂಗಿಸ್ ಕೂಡ ಹುಟ್ಟಿದ್ದು ಆಗಿನ ಚೆಕೊಸ್ಲೊವಾಕಿಯಾದಲ್ಲಿ, ಬೆಳೆದದ್ದು ಸ್ವಿಟ್ಜರ್ಲೆಂಡಿನಲ್ಲಿ. "ನನ್ನ ಹಂಗೇನಾ?" ಎಂದಳು. ಮನೆಯಲ್ಲೊಂದು ಮಾತು, ಬೀದಿಯಲ್ಲೊಂದು ಮಾತು ಇರುವುದು ತನ್ನೊಬ್ಬಳ ಪಾಡಲ್ಲ ಎಂದು ಅವಳಿಗೆ ಹೊಳೆದದ್ದು ಅಂದು.

2024ರ ಜನವರಿಯಲ್ಲಿ ಬೋಪಣ್ಣ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಮೊದಲು ಫೋನ್ ಮಾಡಿದ್ದು ಅಮ್ಮ. "ನಮ್ಮ ಕೊಡಗಿನ ಹುಡುಗ ಗೆದ್ದ ಪುಟ್ಟಿ!" ಮಗಳು ತಿದ್ದಿದಳು, "ಹುಡುಗ ಅಲ್ಲ ಅಜ್ಜಿ, ಅವ್ರಿಗೆ 43 ವರ್ಷ!" "ನಂಗೆ ಹುಡುಗನೇ ಬಿಡು" ಅಂದರು ಅಮ್ಮ.

ಅಂಕಣದಲ್ಲಿ ಕನ್ನಡ

ಕನ್ನಡ ಸಂಘ ಬಹ್ರೈನ್‌ನ ಕಾರ್ಯಕ್ರಮಗಳಿಗೆ ನಾವು ಹೋಗುತ್ತೇವೆ. ಅಲ್ಲಿ ಯಕ್ಷಗಾನ ನೋಡುವ ಭಾಗ್ಯ ಊರಿನಲ್ಲಿರುವ ಎಷ್ಟೋ ಮಕ್ಕಳಿಗೂ ಇಲ್ಲ. ಆದರೆ ಅಲ್ಲಿ ಮಕ್ಕಳು ಪ್ರೇಕ್ಷಕರು, ಇಲ್ಲವೇ ಬಾಯಿಪಾಠ ಒಪ್ಪಿಸುವವರು. ಒಬ್ಬರಿಗೊಬ್ಬರು ಮಾತಾಡಿಕೊಳ್ಳುವುದು ಇಂಗ್ಲಿಷಿನಲ್ಲೇ. ಅದಕ್ಕೇ ಶುಕ್ರವಾರ ರಜೆಯ ಬೆಳಗ್ಗೆ ಇನ್ನೊಂದು ಕನ್ನಡ ಕುಟುಂಬದ ಜೊತೆ ಸೇರಿ ಮಕ್ಕಳಿಗೆ ಡಬಲ್ಸ್ ಆಡಿಸತೊಡಗಿದೆವು. ನಿಯಮ ಒಂದೇ: ಜೊತೆಗಾರರನ್ನು ಕೂಗುವ ಮಾತು ಕನ್ನಡದ್ದಾಗಿರಬೇಕು.

ಮೊದಲ ದಿನವೇ ಎಡವಟ್ಟು. "ನಂದು!" "ನಿಂದು!" ಎಂದು ಕೂಗಲು ಹೇಳಿಕೊಟ್ಟಿದ್ದೆ. ಓಡುವಾಗ ಎರಡೂ ಒಂದೇ ತರಹ ಕೇಳಿಸುತ್ತವೆ! ಇಬ್ಬರೂ ನಿಂತರು, ಇಲ್ಲವೇ ಇಬ್ಬರೂ ನುಗ್ಗಿ ರ‍್ಯಾಕೆಟ್‌ಗೆ ರ‍್ಯಾಕೆಟ್ ಹೊಡೆದರು. ಮಕ್ಕಳೇ ಸಭೆ ಸೇರಿ ತಿದ್ದಿಕೊಂಡರು. ತನ್ನದಾದರೆ "ನಂದು", ಜೊತೆಗಾರರದಾದರೆ "ಹೊಡಿ", ಹೊರಗೆ ಹೋಗುವ ಚೆಂಡಿಗೆ "ಬಿಡು", ತಲೆ ಮೇಲೆ ಹೋದರೆ "ಹಿಂದೆ". ಈಗ ಪಕ್ಕದ ಫ್ಲ್ಯಾಟಿನ ಮಲಯಾಳಿ ಹುಡುಗಿಯೂ ನಮ್ಮ ಜೊತೆ ಬರುತ್ತಾಳೆ. ಅವಳು "ಬಿಡೂ!" ಎಂದು ಕೂಗುವುದನ್ನು ನೀವು ಕೇಳಬೇಕು.

ನೀವು ಏನು ಮಾಡಬಹುದು?

ನಿಮ್ಮ ಮಗುವಿಗೆ ಟೆನಿಸ್ ಬೇಡದಿದ್ದರೆ ಬೇಡ. ಕ್ರಿಕೆಟ್, ಚೆಸ್, ಡೈನೋಸಾರ್, ಯಾವುದಾದರೂ ಸರಿ. ಮಗು ಯಾವುದರಲ್ಲಿ ಪಂಡಿತನೋ ಅದನ್ನು ಅಜ್ಜಿಗೆ, ಅಜ್ಜನಿಗೆ, ಚಿಕ್ಕಮ್ಮನಿಗೆ ವಿವರಿಸುವ ಅವಕಾಶ ಕೊಡಿ. ಕರೆಯ ಮೊದಲು ಅಜ್ಜಿಗೆ ಒಂದು ಮಾತು ಹೇಳಿಡಿ: "ಊಟ ಆಯ್ತಾ" ಬಿಟ್ಟು, ಗೊತ್ತಿಲ್ಲದ್ದನ್ನು ಕೇಳಿ. ಆಮೇಲೆ ನೀವು ಆ ಕೋಣೆಯಿಂದ ಹೊರಗೆ ಹೋಗಿ. ಅಮ್ಮ ಪಕ್ಕದಲ್ಲಿದ್ದರೆ ಮಗು ಪದಕ್ಕಾಗಿ ಅಮ್ಮನ ಮುಖ ನೋಡುತ್ತದೆ.

ಪದ ಸಿಗದೆ ಇಂಗ್ಲಿಷ್ ಪದ ಬಂದರೆ ಬರಲಿ. "ಸರ್ವ್", "ನೆಟ್", "ಸೆಟ್" ಎಲ್ಲ ನಮ್ಮ ಪತ್ರಿಕೆಗಳ ಕನ್ನಡವೇ. ವಾಕ್ಯದ ಕೊನೆಯ ಕ್ರಿಯಾಪದ ಕನ್ನಡದ್ದಾದರೆ ಅರ್ಧ ಗೆದ್ದ ಹಾಗೆ.

ಓದಲು ಕಲಿಯುತ್ತಿರುವ ಮಗುವಾದರೆ, ತಾನು ನೋಡಿದ ಪಂದ್ಯದ ವರದಿಯನ್ನು ಕನ್ನಡ ಪತ್ರಿಕೆಯ ಕ್ರೀಡಾಪುಟದಲ್ಲಿ ತೋರಿಸಿ. ಹೆಸರು, ಅಂಕ, ಗೆದ್ದವರು ಯಾರು ಎಲ್ಲ ಮೊದಲೇ ಗೊತ್ತಿರುವುದರಿಂದ ಅಕ್ಷರ ಬಿಡಿಸುವುದು ಸಲೀಸು. ನನ್ನ ಮಗಳು ಸರಾಗವಾಗಿ ಓದಿದ ಮೊದಲ ಒತ್ತಕ್ಷರದ ಪದ "ಬೋಪಣ್ಣ".

ಎಲ್ಲಕ್ಕಿಂತ ಮೊದಲು, ಇವತ್ತು ರಾತ್ರಿ ನೀವಿಬ್ಬರೂ ಕೂತು ಮಾತಾಡಿಕೊಳ್ಳಿ. ನಿಮ್ಮ ಮನೆಯಲ್ಲಿ ಮಧ್ಯದ ಚೆಂಡು ಯಾರದು?

ನಮ್ಮ ಮನೆಯಲ್ಲಿ ಎಲ್ಲ ಸರಿಹೋಗಿದೆ ಎಂದರೆ ಸುಳ್ಳಾಗುತ್ತದೆ. ಮಗಳು ಇನ್ನೂ "ಅವಳು ಹೊಡೆದ" ಅನ್ನುತ್ತಾಳೆ, ಸಿಟ್ಟು ಬಂದರೆ ಪೂರ್ತಿ ಇಂಗ್ಲಿಷ್. ಗೆಳತಿಯರು ಬಂದಾಗ ಕನ್ನಡ ಮಾತಾಡಿಸಬೇಡ ಎಂದು ಕಣ್ಣಲ್ಲೇ ಹೇಳುತ್ತಾಳೆ. ಆದರೆ ನಾನು ಈಗ ಕರೆಗಳ ನಿಮಿಷ ಲೆಕ್ಕ ಹಾಕುವುದನ್ನು ಬಿಟ್ಟಿದ್ದೇನೆ. ಫೋನು ನನ್ನ ಕೈಗೆ ಬರುವುದೇ ಅಪರೂಪ. ಮೊನ್ನೆ ನನಗೆ ಅಮ್ಮನ ಹತ್ತಿರ ಉಪ್ಪಿನಕಾಯಿಯ ಅಳತೆ ಕೇಳಬೇಕಿತ್ತು. ಕೈ ಚಾಚಿದರೆ ಮಗಳು ಫೋನನ್ನು ಎದೆಗೊತ್ತಿಕೊಂಡು ಹೇಳಿದಳು:

"ಇರಮ್ಮಾ, ಅಜ್ಜಿ ಏನೋ ಕೇಳ್ತಿದಾರೆ."